ರೋಗಿಯ ತೃಪ್ತಿಯೂ ಶುಶ್ರೂಷೆಯ ಧರ್ಮವೂ

ಆಸ್ಪತ್ರೆಯಿಂದ ಮನೆಗೆ ಮರಳಿದವನನ್ನು "ಅಲ್ಲಿ ಹೇಗೆ ನೋಡಿಕೊಂಡರು?" ಎಂದು ಕೇಳುವುದು ಲೋಕರೂಢಿ. ಆತನು ತೃಪ್ತಿಯಿಂದ ನುಡಿದರೆ ಆಸ್ಪತ್ರೆಗೆ ಕೀರ್ತಿ, ಇಲ್ಲವಾದರೆ ಅಪಕೀರ್ತಿ. ನಮ್ಮ ಕೇಂದ್ರ ಸರ್ಕಾರವೂ 2016ರಲ್ಲಿ 'ಮೇರಾ ಅಸ್ಪತಾಲ್' ಎಂಬ ಹೆಸರಿನಿಂದ ರೋಗಿಗಳ ಅಭಿಪ್ರಾಯವನ್ನು ಕೇಳುವ ವ್ಯವಸ್ಥೆಯನ್ನು ಆರಂಭಿಸಿತು. ಆದರೆ ರೋಗಿಯ ತೃಪ್ತಿಯೊಂದೇ ಶುಶ್ರೂಷೆಯ ಒರೆಗಲ್ಲೇ? ಇದು ವಿಚಾರಾರ್ಹವಾದ ಪ್ರಶ್ನೆ.

2020ರ ಮಾರ್ಚ್ ತಿಂಗಳಲ್ಲಿ ಭಾರತದ ಮೊದಲ ಕೋವಿಡ್ ಮರಣವು ಕಲಬುರಗಿಯಲ್ಲಿ ಸಂಭವಿಸಿತು. ಅನಂತರ ಆಸ್ಪತ್ರೆಗಳ ಸ್ವರೂಪವೇ ಮಾರ್ಪಟ್ಟಿತು. ಸೋಂಕಿನ ಭಯದಿಂದ ಬಂಧುಗಳಿಗೆ ರೋಗಿಯ ಬಳಿ ಪ್ರವೇಶವಿಲ್ಲದಾಯಿತು. ವೈದ್ಯರೂ ದಾದಿಯರೂ ಅಡಿಯಿಂದ ಮುಡಿಯವರೆಗೆ ರಕ್ಷಾಕವಚವನ್ನು ತೊಟ್ಟುದರಿಂದ ಕಣ್ಣುಗಳ ಹೊರತು ಮತ್ತೇನೂ ಕಾಣದಾಯಿತು. ತನ್ನನ್ನು ಕಾಯುವವರ ಮುಖವನ್ನೇ ಕಾಣದ ರೋಗಿಗೆ ಔಷಧವು ದೊರೆತರೂ ಧೈರ್ಯವು ದೊರೆಯುವುದು ಕಷ್ಟವಲ್ಲವೆ?

ಇದಕ್ಕೆ ಮುನ್ನ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ಎಬೋಲಾ ವ್ಯಾಧಿಯು ಹಬ್ಬಿದ್ದಾಗ ಇದೇ ಕಷ್ಟವು ತಲೆದೋರಿತ್ತು. 2015ರಲ್ಲಿ ಮೇರಿ ಬೆತ್ ಹೆಫರ್ನನ್ ಎಂಬ ಅಮೆರಿಕದ ಕಲಾವಿದೆಯು ಅಲ್ಲಿಗೆ ಹೋಗಿ, ಶುಶ್ರೂಷಕರ ನಗುಮುಖದ ಭಾವಚಿತ್ರಗಳನ್ನು ತೆಗೆದು, ಅವರ ಕವಚದ ಎದೆಯ ಮೇಲೆ ಅಂಟಿಸುವ ಏರ್ಪಾಡನ್ನು ಮಾಡಿದಳು. ಕೋವಿಡ್ ಕಾಲದಲ್ಲಿ ಕೆಲವು ಆಸ್ಪತ್ರೆಗಳು ಅದನ್ನು ಅನುಸರಿಸಿದವು. ಒಂದು ಚಿತ್ರದಿಂದ ವ್ಯಾಧಿಯು ವಾಸಿಯಾಗದು. ಆದರೂ ಕವಚದೊಳಗೆ ಒಬ್ಬ ಮನುಷ್ಯನಿದ್ದಾನೆಂಬ ಅರಿವು ರೋಗಿಗೆ ಉಂಟಾಗುವುದು. ಏನು ನಡೆಯುತ್ತಿದೆಯೆಂದು ತಿಳಿಯದೆ ಕಾದಿರುವ ಆತಂಕವು ರೋಗಿಯನ್ನು ಶ್ರಮಕ್ಕಿಂತ ಹೆಚ್ಚಾಗಿ ಕುಗ್ಗಿಸುವುದೆಂದು ಫ್ಲಾರೆನ್ಸ್ ನೈಟಿಂಗೇಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿದ್ದಳು. ಆದುದರಿಂದ ರೋಗಿಯ ತೃಪ್ತಿಯನ್ನು ಅಲ್ಪವೆಂದು ತಳ್ಳಿಹಾಕುವುದು ಸಲ್ಲದು.

ಹಾಗೆಂದು ಅದನ್ನೇ ಪರಮಪ್ರಮಾಣವೆಂದು ಭಾವಿಸುವುದೂ ತಪ್ಪು. ಪ್ರಿಯವಾದುದೆಲ್ಲವೂ ಹಿತವಲ್ಲ. 2021ರ ಎರಡನೆಯ ಅಲೆಯಲ್ಲಿ ರೆಮ್‌ಡೆಸಿವಿರ್ ಚುಚ್ಚುಮದ್ದಿಗಾಗಿ ಜನರು ಅಂಗಡಿಯಿಂದ ಅಂಗಡಿಗೆ ಅಲೆದರು. ವಿಶ್ವ ಆರೋಗ್ಯ ಸಂಸ್ಥೆಯಾದರೋ ಅಂದು ದೊರೆತಿದ್ದ ಆಧಾರಗಳನ್ನು ಪರಿಶೀಲಿಸಿ, ಆಸ್ಪತ್ರೆಯ ರೋಗಿಗಳಿಗೆ ಅದು ಬೇಡವೆಂದು 2020ರ ನವೆಂಬರ್‌ನಲ್ಲಿಯೇ ಸಲಹೆ ನೀಡಿತ್ತು. ಬೇಡಿದುದನ್ನು ಕೊಟ್ಟು ಮೆಚ್ಚಿಸುವ ವೈದ್ಯನಿಗಿಂತ, ಬೇಡವೆಂಬುದಕ್ಕೆ ಕಾರಣವನ್ನು ತಾಳ್ಮೆಯಿಂದ ತಿಳಿಸುವವನೇ ಹಿತೈಷಿ.

ಇದಕ್ಕಿಂತ ಗಹನವಾದ ಮಾತೊಂದುಂಟು. ಅಭಿಪ್ರಾಯವನ್ನು ಕೇಳುವುದು ಗುಣವಾಗಿ ಮನೆಗೆ ಹೊರಟವರನ್ನು. ಮರಳಿ ಬಾರದವರ ಸಾಕ್ಷ್ಯವನ್ನು ಯಾವ ಪಟ್ಟಿಯಲ್ಲಿ ಬರೆಯೋಣ? ಬದುಕಿ ಉಳಿದವರಲ್ಲಿಯೂ ಬಡವನು, ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕಾದೀತೆಂಬ ಅಂಜಿಕೆಯಿಂದ, ಎಲ್ಲವೂ ಚೆನ್ನಾಗಿತ್ತೆಂದು ಕೈಮುಗಿಯುವನು. ಅದು ತೃಪ್ತಿಯಲ್ಲ, ದೈನ್ಯ.

ಹೀಗಿರಲು ಶುಶ್ರೂಷೆಯ ನಿಜವಾದ ಪರೀಕ್ಷೆಯು ಹೊಗಳಲಾರದವನ ಹಾಸಿಗೆಯ ಬಳಿಯಲ್ಲಿದೆ. ಪ್ರಜ್ಞೆ ತಪ್ಪಿದವನ ಒಣಗಿದ ತುಟಿಯನ್ನು ತೇವಗೊಳಿಸುವುದು, ನರಳುವವನನ್ನು ಹಾಸಿಗೆಯ ಸಂಖ್ಯೆಯಿಂದಲ್ಲದೆ ಹೆಸರಿನಿಂದ ಕರೆಯುವುದು, ಹೊರಗೆ ಕಾದ ಮನೆಯವರಿಗೆ ಸತ್ಯವನ್ನು ಮೃದುವಾಗಿ ತಿಳಿಸುವುದು: ಇವುಗಳಿಗೆ ಸಾಕ್ಷಿಯಿಲ್ಲ, ಪ್ರಶಸ್ತಿಯೂ ಇಲ್ಲ. ಫಲವನ್ನು ಬಯಸದೆ ಮಾಡಿದಾಗಲೇ ಕೆಲಸವು ಕಾಯಕವೆನಿಸುವುದು. ಮನೆಯಲ್ಲಿ ವೃದ್ಧರ ಆರೈಕೆಯನ್ನು ಮಾಡುವ ಗೃಹಸ್ಥರಿಗೂ ಇದೇ ಧರ್ಮ. ರೋಗಿಯನ್ನು ತೃಪ್ತನಾದೆಯಾ ಎಂದು ಅವಶ್ಯವಾಗಿ ಕೇಳಬೇಕು. ಆದರೆ ಉತ್ತರ ಕೊಡಲಾರದವನನ್ನೂ ಅಷ್ಟೇ ಆದರದಿಂದ ಕಾಣಬೇಕು.