ಟಿಬಿ ರಿಪೋರ್ಟು ಯಾರದ್ದು?

ಟಿಬಿ ಪಾಸಿಟಿವ್ ಅಂತ ಬಂದ ರಿಪೋರ್ಟು ಯಾರ ಸ್ವತ್ತು? ಕೆಮ್ಮಿದವರದ್ದಾ, ಅವರ ಪಕ್ಕದಲ್ಲಿ ಕೂತು ಉಸಿರಾಡಿದವರದ್ದಾ? ಪಿಜಿಯಲ್ಲಿ ಒಂದು ರೂಮಿಗೆ ಮೂವರು, ಆಫೀಸಿನಲ್ಲಿ ಕಿಟಕಿ ತೆರೆಯದ ಎಸಿ ಹಾಲು. ಹೀಗೆ ಬದುಕುವ ನಮಗೆ ಇದು ದೂರದ ಪ್ರಶ್ನೆಯೇನಲ್ಲ.

ಮೊದಲು ಈ ರಿಪೋರ್ಟು ಏನು ಹೇಳುತ್ತದೆ ನೋಡೋಣ. ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದ್ದು 1882ರಲ್ಲಿ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ, ಕಫವನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹುಡುಕುವುದೇ ಮುಖ್ಯ ದಾರಿಯಾಗಿತ್ತು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಗಟ್ಟಲೆ ರೋಗಾಣುಗಳಿದ್ದರಷ್ಟೇ ಅವು ಕಣ್ಣಿಗೆ ಬೀಳುತ್ತಿದ್ದವು. ಈಗಿನ ಮಾಲಿಕ್ಯುಲರ್ ಟೆಸ್ಟ್ ಹುಡುಕುವುದು ರೋಗಾಣುವಿನ ಡಿಎನ್‌ಎಯನ್ನು. ಸಿಕ್ಕ ಚೂರನ್ನೇ ಮತ್ತೆ ಮತ್ತೆ ನಕಲು ಮಾಡಿ, ಪತ್ತೆಯಾಗುವಷ್ಟು ಹೆಚ್ಚಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ ಕಾರ್ಟ್ರಿಜ್ ಯಂತ್ರ, ಟಿಬಿ ಇದೆಯಾ, ಇದ್ದರೆ ಅದು ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತಾ ಎಂಬುದನ್ನು ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಬ್ಯಾಟರಿಯಲ್ಲೂ ಓಡುತ್ತದೆ. ಅದಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿತು.

ಉತ್ತರ ಬೇಗ ಸಿಗುತ್ತೆ, ಸರಿ. ಅದನ್ನು ಯಾರಿಗೆ ಹೇಳಬೇಕು?

'ನನ್ನ ದೇಹ, ನನ್ನ ರಿಪೋರ್ಟು' ಅನ್ನುವುದು ಕೇಳೋಕೆ ಚೆನ್ನಾಗಿದೆ. ಆದರೆ ಶ್ವಾಸಕೋಶದ ಟಿಬಿ ಗಾಳಿಯಲ್ಲಿ ಹರಡುತ್ತದೆ, ಗಾಳಿಗೆ ಬೇಲಿ ಹಾಕೋಕಾಗಲ್ಲ. 'ಎಲ್ಲರಿಗೂ ಗೊತ್ತಾಗಲಿ' ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ನಾನು ಇಟ್ಟುಕೊಂಡಿರುವ ಅಳತೆ ಒಂದೇ: ವಿಷಯ ತಿಳಿದವರು ಅದರಿಂದ ಏನು ಮಾಡಬಲ್ಲರು? ಟಿಬಿ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಸರ್ಕಾರ ಪುಕ್ಕಟೆ ಔಷಧಿ ಕೊಡುತ್ತದೆ, ಊಟಕ್ಕೆಂದು ತಿಂಗಳಿಗಿಷ್ಟು ಹಣವನ್ನೂ ಕೊಡುತ್ತದೆ. ರೂಮ್‌ಮೇಟ್ ತಾನೂ ಪರೀಕ್ಷೆ ಮಾಡಿಸಿಕೊಳ್ಳಬಹುದು, ಬೇಕಾದರೆ ರೋಗ ತಡೆಯುವ ಮಾತ್ರೆ ತಗೋಬಹುದು. ಆಫೀಸಿನಲ್ಲಿ ದಿನಕ್ಕೆ ಎಂಟು ಗಂಟೆ ಪಕ್ಕದಲ್ಲಿ ಕೂರುವವರೂ ಹಾಗೆಯೇ. ಇವರಿಗೆಲ್ಲ ಹೇಳಲೇಬೇಕು. ಆದರೆ ಬೇರೆ ಮಹಡಿಯ ವಾಟ್ಸಾಪ್ ಗ್ರೂಪು ಈ ಸುದ್ದಿ ಇಟ್ಟುಕೊಂಡು ಏನು ಮಾಡುತ್ತೆ? ಮಾತಾಡುತ್ತೆ, ಅಷ್ಟೇ.

ನನಗೆ ಗೊತ್ತಿರುವ ಒಬ್ಬರು ಆರು ತಿಂಗಳ ಔಷಧಿ ಮುಗಿಸಿ, ಡಾಕ್ಟರಿಂದ ಗುಣವಾಗಿದೆ ಎಂಬ ಪತ್ರವನ್ನೂ ತಂದರು. ಎಚ್‌ಆರ್ ಕಡೆಯಿಂದ ಬಂದ ಉತ್ತರ: 'ಅದೇ ಮಾಲಿಕ್ಯುಲರ್ ಟೆಸ್ಟಲ್ಲಿ ನೆಗೆಟಿವ್ ಬಂದ ರಿಪೋರ್ಟ್ ತನ್ನಿ.' ಕೇಳೋಕೆ ನ್ಯಾಯವಾಗೇ ಇದೆ, ಅಲ್ವಾ? ಆದರೆ ಆ ಯಂತ್ರಕ್ಕೆ ಬದುಕಿರುವ ರೋಗಾಣು ಯಾವುದು, ಸತ್ತದ್ದು ಯಾವುದು ಗೊತ್ತಾಗುವುದಿಲ್ಲ. ಡಿಎನ್‌ಎ ಸಿಕ್ಕರೆ ಸಾಕು, ಪಾಸಿಟಿವ್. ಗುಣವಾದ ಮೇಲೂ ಎಷ್ಟೋ ಕಾಲ ಹಾಗೆ ಬರಬಹುದು. ಅದಕ್ಕೇ ಔಷಧಿ ಫಲ ಕೊಟ್ಟಿದೆಯಾ ಎಂದು ನೋಡೋಕೆ ಇವತ್ತಿಗೂ ಹಳೆಯ ಸ್ಲೈಡು ಅಥವಾ ಕಲ್ಚರ್ ಪರೀಕ್ಷೆಯನ್ನೇ ಬಳಸುತ್ತಾರೆ. ರೋಗಿಯನ್ನು ಬೇಗ ಔಷಧಿಗೆ ಸೇರಿಸೋಕೆ ಮಾಡಿದ ಯಂತ್ರವನ್ನು ಗುಣವಾದವರನ್ನು ಬಾಗಿಲಾಚೆ ನಿಲ್ಲಿಸೋಕೆ ಬಳಸುವುದು ಅನ್ಯಾಯ. ವಿಜ್ಞಾನದ ಹೆಸರು ಹೇಳಿದ ಮಾತ್ರಕ್ಕೆ ಅದು ನ್ಯಾಯವಾಗಲ್ಲ.

ಇದರ ಬೆಲೆ ತೆರುವುದು ಒಬ್ಬರೇ ಅಲ್ಲ. ಒಬ್ಬರಿಗೆ ಆದದ್ದನ್ನು ನೋಡಿದ ಇನ್ನೊಬ್ಬರು ತಮ್ಮ ಕೆಮ್ಮನ್ನು 'ಡಸ್ಟ್ ಅಲರ್ಜಿ' ಅಂತ ಹೇಳಿಕೊಂಡು ಮುಂದೂಡುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಪರೀಕ್ಷೆ ಮಾಡಿಸಬೇಕೆಂಬುದು ಗೊತ್ತಿದ್ದೂ ಎರಡು ತಿಂಗಳು ತಳ್ಳುತ್ತಾರೆ. ಅಷ್ಟೂ ದಿನ ಅದೇ ಎಸಿ ಹಾಲಿನ ಗಾಳಿ ಎಲ್ಲರಿಗೂ.

ರಿಪೋರ್ಟು ಕೆಮ್ಮಿದವರದ್ದೇ. ಜೊತೆಯಲ್ಲಿ ಉಸಿರಾಡಿದವರಿಗೆ ಎಚ್ಚರಿಕೆ ಪಡೆಯುವ ಹಕ್ಕಿದೆ, ಶಿಕ್ಷೆ ಕೊಡುವ ಹಕ್ಕಿಲ್ಲ. ಯಂತ್ರದ ಎರಡು ಗಂಟೆ ಶುರುವಾಗುವುದು ಕಫ ಕೊಟ್ಟ ಮೇಲೆ. ಅದಕ್ಕೂ ಮೊದಲಿನ ಎರಡು ತಿಂಗಳನ್ನು ಕಡಿಮೆ ಮಾಡುವ ಕೆಲಸ ಪಕ್ಕದ ಕುರ್ಚಿಯಲ್ಲಿ ಕೂತ ನಮ್ಮದು.