ದುಡಿಯುವ ಕೈ, ಅಲೆಯುವ ಮನಸ್ಸು: ನಕಾರಾತ್ಮಕ ಚಿಂತನೆ, ಕ್ರೈಸ್ತ ವಿಶ್ವಾಸ ಮತ್ತು ಮೆದುಳಿನ ವಿಜ್ಞಾನ

ನಕಾರಾತ್ಮಕ ಚಿಂತನೆಯನ್ನು ಮನಸ್ಸಿನ ದೌರ್ಬಲ್ಯವೆಂದೋ ನಂಬಿಕೆಯ ಕೊರತೆಯೆಂದೋ ಎಣಿಸುವ ರೂಢಿ ಚರ್ಚಿನ ಒಳಗೂ ಹೊರಗೂ ಉಂಟು. ಆದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸೀಮೆಯಲ್ಲಿ ಆ ಚಿಂತನೆಯ ಬಹುಭಾಗಕ್ಕೆ ಕಣ್ಣಿಗೆ ಕಾಣುವ ಕಾರಣಗಳಿವೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಕೃಷ್ಣೆ, ದೂಧಗಂಗೆಗಳು ಉಕ್ಕಿದಾಗ ಕಲ್ಲೋಳ–ಯಡೂರು ಬ್ಯಾರೇಜು ಮುಳುಗುವುದು ಇಲ್ಲಿ ಮಳೆಗಾಲದ ಮಾಮೂಲಿ ಸುದ್ದಿ. 2019ರ ಆಗಸ್ಟ್‌ನಲ್ಲಾದರೋ ನೀರು ಊರೊಳಗೇ ನುಗ್ಗಿ ಕಬ್ಬಿನ ಜೊತೆಗೆ ಮನೆಗಳನ್ನೂ ಕೆಡವಿತು, 2021ರಲ್ಲಿ ನದಿತೀರದ ಊರುಗಳು ಮತ್ತೆ ಜಲಾವೃತವಾದವು. ವರ್ಷವಿಡೀ ಹೊಲದಲ್ಲಿ ನಿಲ್ಲುವ ಬೆಳೆ, ಕಾರ್ಖಾನೆಯಿಂದ ಬರಬೇಕಾದ ಬಿಲ್ಲು, ಸೊಸೈಟಿಯ ಸಾಲ ಇವುಗಳ ನಡುವೆ ಬದುಕುವವನಿಗೆ ಮುಂದೇನು ಗತಿ ಎಂಬ ಯೋಚನೆ ಬರುವುದು ರೋಗವಲ್ಲ. ಅದೇ ಯೋಚನೆ ಪರಿಹಾರದತ್ತ ಒಂದು ಹೆಜ್ಜೆಯನ್ನೂ ಇಡದೆ, ಹಗಲಿರುಳು ತನ್ನ ಸುತ್ತಲೇ ಸುತ್ತತೊಡಗಿದಾಗ ತೊಡಕು ಆರಂಭವಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೂಕ್ಸೆಮಾ ಇದನ್ನು ‘ರೂಮಿನೇಶನ್’, ಅಂದರೆ ಕಹಿಯನ್ನೇ ಮೆಲುಕು ಹಾಕುವುದು, ಎಂದು ಗುರುತಿಸಿ, ಖಿನ್ನತೆಯನ್ನು ಅದು ಆಳಗೊಳಿಸಿ ಬಹುಕಾಲ ಉಳಿಸುತ್ತದೆ ಎಂದು ತೋರಿಸಿದರು.

ಮೆದುಳಿನಲ್ಲಿ ಬಾದಾಮಿ ಆಕಾರದ ‘ಅಮಿಗ್ಡಲಾ’ ಎಂಬ ಭಾಗವು ಅಪಾಯದ ಸುಳಿವು ಸಿಕ್ಕೊಡನೆ ಎಚ್ಚೆತ್ತು, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸೋಲ್ ಮೊದಲಾದ ಒತ್ತಡದ ಹಾರ್ಮೋನುಗಳು ಸುರಿಯುವಂತೆ ಮಾಡುತ್ತದೆ. ಹಣೆಯ ಹಿಂದಿನ ‘ಪ್ರಿಫ್ರಂಟಲ್ ಕಾರ್ಟೆಕ್ಸ್’ ಎಂಬ ವಿವೇಚನೆಯ ಭಾಗವು ಆ ಗಾಬರಿಯನ್ನು ತೂಗಿ ನೋಡಿ ತಣಿಸಲು ನೆರವಾಗುತ್ತದೆ. ಇವೆರಡರ ಜೊತೆಗೆ ಮೂರನೆಯದೊಂದು ವ್ಯವಸ್ಥೆಯಿದೆ. ಹೊರಗಿನ ಕೆಲಸದಲ್ಲಿ ಗಮನ ನೆಡದೆ ಇದ್ದಾಗ ಚುರುಕಾಗುವ ಈ ಜಾಲವನ್ನು 2001ರಲ್ಲಿ ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ವಿವರಿಸಿದರು. ‘ಡಿಫಾಲ್ಟ್ ಮೋಡ್ ನೆಟ್‌ವರ್ಕ್’ ಎಂದು ಹೆಸರಾದ ಇದು ತನ್ನ ಬಗ್ಗೆ, ಆಗಿಹೋದದ್ದರ ಬಗ್ಗೆ, ಬರಲಿರುವುದರ ಬಗ್ಗೆ ಯೋಚಿಸುವಾಗ ದುಡಿಯುತ್ತದೆ.

ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರ ದಿನಚರಿ ಈ ವಿಚಾರಕ್ಕೆ ಪ್ರಯೋಗಶಾಲೆಗಿಂತ ಹತ್ತಿರದ ಉದಾಹರಣೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ತೊಡೆಯ ಮೇಲಿನ ಮೊರದಲ್ಲಿಟ್ಟುಕೊಂಡು, ಚಿಟಿಕೆ ತಂಬಾಕು ಹರಡಿ, ಸುರುಳಿ ಸುತ್ತಿ, ದಾರ ಬಿಗಿದು, ತುದಿ ಮಡಚುವ ಕೆಲಸವು ವರ್ಷಗಳ ರೂಢಿಯಿಂದ ಕೈಗೆ ಎಷ್ಟು ಒಗ್ಗಿರುತ್ತದೆಂದರೆ ಕಣ್ಣಿನ ನೆರವೂ ಅಷ್ಟಾಗಿ ಬೇಕಾಗುವುದಿಲ್ಲ. ಅಭ್ಯಾಸಬಲದ ಚಲನೆಗಳನ್ನು ಮೆದುಳಿನ ಆಳದ ‘ಬೇಸಲ್ ಗ್ಯಾಂಗ್ಲಿಯಾ’ ನಡೆಸಿಕೊಂಡು ಹೋಗುತ್ತಿರುವಾಗ ಮನಸ್ಸು ಬಿಡುವಾಗಿರುತ್ತದೆ, ಮತ್ತು ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವ ಮನೆಯಲ್ಲಿ ಬಿಡುವಾದ ಮನಸ್ಸು ಮಗಳ ಮದುವೆ, ಗಂಡನ ಕುಡಿತ, ತನ್ನದೇ ಕೆಮ್ಮು ಇವುಗಳ ಕಡೆಗೆ ಹೊರಳುವುದು ಸಹಜ. ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಮನಸ್ಸು ಸುಮಾರು ಶೇ. 47ರಷ್ಟು ಸಂದರ್ಭಗಳಲ್ಲಿ ಮಾಡುತ್ತಿರುವ ಕೆಲಸವನ್ನು ಬಿಟ್ಟು ಬೇರೆಡೆ ಇತ್ತು, ಹಾಗೆ ಅಲೆದಾಗ ಅವರ ನೆಮ್ಮದಿಯೂ ಕಡಿಮೆಯಿತ್ತು.

ಕೈ ಎಲೆಯ ಮೇಲೆ, ಮನಸ್ಸು ಸಂಕಟದ ಮೇಲೆ ಎಂಬ ಈ ಸ್ಥಿತಿಯನ್ನು ನಾಲ್ಕನೆಯ ಶತಮಾನದ ಈಜಿಪ್ಟಿನ ಕ್ರೈಸ್ತ ಸನ್ಯಾಸಿಗಳು ಚೆನ್ನಾಗಿ ಬಲ್ಲವರಾಗಿದ್ದರು, ಏಕೆಂದರೆ ಮರುಭೂಮಿಯ ಗುಡಿಸಲುಗಳಲ್ಲಿ ಅವರು ತಾಳೆಗರಿಯಿಂದ ಹಗ್ಗ, ಬುಟ್ಟಿ ಹೆಣೆಯುತ್ತ ಹೊಟ್ಟೆ ಹೊರೆಯುತ್ತಿದ್ದರು. ಯೋಚನೆಗಳ ಕಾಟಕ್ಕೆ ಸಿಕ್ಕು ಬೇಸತ್ತ ಸಂತ ಅಂತೋನಿಗೆ, ಕೂತು ಹಗ್ಗ ಹೊಸೆದು, ಎದ್ದು ಪ್ರಾರ್ಥಿಸಿ, ಮತ್ತೆ ಕೂತು ಹೊಸೆಯುವ ಒಬ್ಬನ ದರ್ಶನವಾಯಿತೆಂಬ ಕಥೆ ಆ ಪರಂಪರೆಯದು. 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿಯು ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಒಂದೊಂದು ಯೋಚನೆಗೂ ಎದುರುತ್ತರವಾಗಿ ಶಾಸ್ತ್ರವಾಕ್ಯಗಳನ್ನು ಜೋಡಿಸಿದ ಕೈಪಿಡಿಯನ್ನೇ ರಚಿಸಿದನು. ಯೋಚನೆಯನ್ನು ಅದುಮಬೇಡ, ಅದರ ಹೆಸರು ಹಿಡಿದು ಕೂಗಿ ಉತ್ತರ ಕೊಡು ಎಂಬುದು ಅವನ ವಿಧಾನದ ತಿರುಳು.

ಈ ವಿಧಾನಕ್ಕೆ ಪ್ರಯೋಗದ ಬೆಂಬಲ ದೊರೆತದ್ದು ಬಹಳ ತಡವಾಗಿ. ಬಿಳಿ ಕರಡಿಯನ್ನು ನೆನೆಯಲೇಬೇಡಿ ಎಂದು ಹೇಳಿಸಿಕೊಂಡವರಿಗೆ ಆಮೇಲೆ ಅದೇ ಹೆಚ್ಚಾಗಿ ನೆನಪಾಗುತ್ತದೆಂದು ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದರೆ, ಭಾವನೆಗೆ ಹೆಸರು ಕೊಟ್ಟಾಗ ಅಮಿಗ್ಡಲಾದ ಉದ್ರೇಕ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡವು 2007ರಲ್ಲಿ ದಾಖಲಿಸಿತು. 1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯೂ ತಾನಾಗಿ ಹೊಳೆಯುವ ಕೆಟ್ಟ ಯೋಚನೆಯನ್ನು ಹಿಡಿದು, ಅದಕ್ಕೆ ಸಾಕ್ಷ್ಯ ಕೇಳುತ್ತದೆ. ಬೈಬಲ್ಲಿನ ಕೀರ್ತನೆಗಳಲ್ಲಿ ಗೋಳಾಟದ ಹಾಡುಗಳು ಅಷ್ಟೊಂದಿರುವುದನ್ನು ಈ ಬೆಳಕಿನಲ್ಲಿ ಓದಬೇಕು: ಅಲ್ಲಿ ಭಕ್ತನು ನಗುಮುಖ ತೊಟ್ಟುಕೊಂಡು ದೇವರ ಮುಂದೆ ನಿಲ್ಲುವುದಿಲ್ಲ. ಸಾವನ್ನೇ ಬೇಡಿ ಗಿಡದ ಬುಡದಲ್ಲಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ; ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಮನೋವೈದ್ಯರು ಇಂದಿಗೂ ಮೊದಲು ಕೇಳುವುದು ಊಟ, ನಿದ್ದೆಗಳ ಬಗ್ಗೆಯೇ.

ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಹೇಳುವ ಮನಸ್ಸಿನ ನವೀಕರಣಕ್ಕೂ, ಅನುಭವ ಮತ್ತು ಅಭ್ಯಾಸಗಳಿಂದ ಮೆದುಳು ತನ್ನ ನರಸಂಪರ್ಕಗಳನ್ನು ಬದಲಿಸಿಕೊಳ್ಳುವ ‘ನ್ಯೂರೋಪ್ಲಾಸ್ಟಿಸಿಟಿ’ ಎಂಬ ಗುಣಕ್ಕೂ ನಂಟು ಕಲ್ಪಿಸುವುದು ಈಗ ಪ್ರಸಂಗಗಳಲ್ಲಿ ವಾಡಿಕೆಯಾಗಿದೆ. ನಂಟು ಸುಳ್ಳಲ್ಲ, ಆದರೆ ಅದನ್ನು ಅಗ್ಗವಾಗಿ ಮಾರಲಾಗುತ್ತಿದೆ. ಇಪ್ಪತ್ತೊಂದು ದಿನದಲ್ಲಿ ಮೆದುಳು ಹೊಸದಾಗುತ್ತದೆಂಬ ಭರವಸೆಗೆ ಆಧಾರವಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಒಂದು ಸಣ್ಣ ದಿನನಿತ್ಯದ ಅಭ್ಯಾಸ ಬೇರೂರಲು ಸುಮಾರು 66 ದಿನ ಬೇಕಾಯಿತು, ಕೆಲವರ ಲೆಕ್ಕ 254 ದಿನಗಳಿಗೆ ಮುಟ್ಟಿತು. ಪ್ರಾರ್ಥನೆಯೆಂಬುದು ಮೆದುಳು ತಿದ್ದುವ ತಂತ್ರ ಮಾತ್ರವೆಂದರೆ ವಿಶ್ವಾಸಿಯೂ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ದೇವರು ಕೇಳುತ್ತಾನೆಯೇ ಎಂಬ ಪ್ರಶ್ನೆಗೆ ಸ್ಕ್ಯಾನಿಂಗ್ ಯಂತ್ರ ಉತ್ತರಿಸುವುದಿಲ್ಲ.

ಇದಕ್ಕಿಂತ ಗಂಭೀರವಾದ ಅಪಾಯ ಬೇರೆಯಿದೆ. ಕೆನೆತ್ ಪಾರ್ಗಮೆಂಟ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇವರು ತಮ್ಮನ್ನು ಕೈಬಿಟ್ಟನೆಂದು ಅಥವಾ ಕಾಯಿಲೆಯು ಪಿಶಾಚನ ಕೆಲಸವೆಂದು ಭಾವಿಸಿದ ವೃದ್ಧ ರೋಗಿಗಳಲ್ಲಿ ಸಾವಿನ ಪ್ರಮಾಣವೇ ಹೆಚ್ಚಿತ್ತು. ಅಂದರೆ ವಿಶ್ವಾಸವು ಕಹಿಯನ್ನು ಕರಗಿಸಬಲ್ಲದು, ಕಹಿಗೆ ಹೊಸ ಸರಕನ್ನೂ ಒದಗಿಸಬಲ್ಲದು. ಖಿನ್ನತೆಯಿಂದ ಕುಸಿದವರ ಮನೆಗೆ ಬಂದು, ಒಳಗೆಲ್ಲೋ ಪಾಪವಿದೆ, ಪ್ರಾರ್ಥನೆ ಸಾಲದು ಎನ್ನುವವರು ಬೈಬಲ್ಲಿನ ಯೋಬನ ಗ್ರಂಥದಲ್ಲಿ ಬರುವ ಅವನ ಗೆಳೆಯರ ಪಾತ್ರವನ್ನೇ ಆಡುತ್ತಾರೆ. ಆ ಗ್ರಂಥದ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಅವರು, ಗೋಳಾಡಿದ ಯೋಬನಲ್ಲ.

ಈ ಗಡಿಸೀಮೆಯ ಕ್ರೈಸ್ತ ಇತಿಹಾಸವು ಇಂಥ ಉಪದೇಶಕ್ಕೆ ಒಳ್ಳೆಯ ಉತ್ತರ ಇಟ್ಟುಕೊಂಡಿದೆ. 1820ರಲ್ಲಿ ಬಳ್ಳಾರಿಯಿಂದ ಬಂದ ಜೋಸೆಫ್ ಟೇಲರ್ ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನ ಕೆಲಸಕ್ಕೆ ಕೈಹಚ್ಚಿದರು, 1904ರಲ್ಲಿ ಅದು ಮೆಥೊಡಿಸ್ಟರ ಪಾಲಿಗೆ ಬಂತು. ಕಾಗವಾಡದ ಮಗ್ಗುಲಲ್ಲೇ ಇರುವ ಮಿರಜದಲ್ಲಿ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಅಥಣಿ, ರಾಯಬಾಗದ ರೋಗಿಗಳು ಇಂದಿಗೂ ಮಿರಜಕ್ಕೆ ಹೋಗುತ್ತಾರೆ. ಶರೀರಕ್ಕೆ ಔಷಧ ಕೊಡುವುದು ವಿಶ್ವಾಸಕ್ಕೆ ಅವಮಾನವೆಂದು ಆ ಮಿಶನ್ನು ತಿಳಿಯಲಿಲ್ಲವೆಂದ ಮೇಲೆ, ಶರೀರದ್ದೇ ಒಂದು ಅಂಗವಾದ ಮೆದುಳಿಗೆ ಬೇರೆ ನ್ಯಾಯವೇಕೆ? ಎರಡು ವಾರ ಮೀರಿ ನಿದ್ದೆ, ಹಸಿವು, ಆಸಕ್ತಿ ಕೆಟ್ಟವರನ್ನು, ಸಾಯುವ ಮಾತಾಡುವವರನ್ನಾದರೆ ಒಂದು ದಿನವೂ ಕಾಯದೆ, ಪ್ರಾರ್ಥನಾಕೂಟದ ಹಿರಿಯರೇ ಜೊತೆಗೆ ನಿಂತು ತಾಲ್ಲೂಕು ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೋ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಭಾನುವಾರದ ಆರಾಧನೆಯ ಪ್ರಕಟಣೆಗಳಲ್ಲಿ ಸಭಾಪಾಲಕರು ಆ ಸಂಖ್ಯೆಯನ್ನೂ ಓದಿ ಹೇಳಲಿ.