ಪಡೆದದ್ದರ ಗುರುತು

ಹೈಬ್ರಿಡ್ ಕಾರಿಗೆ ಕಾರ್‌ಪೂಲ್ ಲೇನಿನ ಸ್ಟಿಕರ್ ಅಂಟಿಸಲೇಬೇಕಾದಾಗ ಅದನ್ನು ಆದಷ್ಟು ಕಣ್ಣಿಗೆ ಬೀಳದ ಹಾಗೆ ಅಂಟಿಸುವುದು ಸರಿಯೇ ಎಂಬ ಪ್ರಶ್ನೆ ಎದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಅನೇಕ ಫ್ರೀವೇಗಳಲ್ಲಿ ಎಡತುದಿಯ ಲೇನಿಗೆ ವಜ್ರಾಕಾರದ ಬಿಳಿ ಗುರುತು ಬಳಿದು ಅದನ್ನು ಬೇರೆಯಾಗಿ ಇರಿಸಿದ್ದಾರೆ. ಒಂದು ಕಾರಿನಲ್ಲಿ ಇಬ್ಬರು, ಕೆಲವು ಕಡೆ ಮೂವರು, ಕೂಡಿ ಹೋಗುತ್ತಿದ್ದರೆ ಮಾತ್ರ ಆ ಲೇನಿಗೆ ಪ್ರವೇಶ. ಒಬ್ಬರೇ ನುಗ್ಗಿದರೆ ದಂಡ. ರಸ್ತೆ ಬದಿಯ ಫಲಕಗಳು ಬಹುಕಾಲ ಸಾರಿದ ಕನಿಷ್ಠ ಮೊತ್ತ 490 ಡಾಲರ್. 2004ರಲ್ಲಿ ರಾಜ್ಯದ ಶಾಸನಸಭೆ ಈ ನಿಯಮಕ್ಕೊಂದು ವಿನಾಯಿತಿ ಸೇರಿಸಿತು. ಗ್ಯಾಲನ್ ಪೆಟ್ರೋಲಿಗೆ 45 ಮೈಲಿಯೋ ಅದಕ್ಕಿಂತ ಹೆಚ್ಚೋ ಓಡುವ ಹೈಬ್ರಿಡ್ ಕಾರಾಗಿದ್ದರೆ ಚಾಲಕ ಒಬ್ಬನೇ ಇದ್ದರೂ ಅಡ್ಡಿಯಿರಲಿಲ್ಲ. ಇದಕ್ಕೆ ಬೇಕಾಗಿದ್ದ ಒಕ್ಕೂಟ ಸರ್ಕಾರದ ಸಮ್ಮತಿ 2005ರ ಆಗಸ್ಟಿನಲ್ಲಿ ಜಾರಿಗೆ ಬಂದ ಸಾರಿಗೆ ಕಾಯ್ದೆಯಿಂದ ಸಿಕ್ಕಿತು. ಟೊಯೋಟ ಪ್ರಿಯಸ್, ಹೋಂಡಾ ಸಿವಿಕ್ ಹೈಬ್ರಿಡ್, ಹೋಂಡಾ ಇನ್‌ಸೈಟ್ ಈ ಸವಲತ್ತಿಗೆ ಅರ್ಹವಾದವು. ಫ್ರಿಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆ ನೆಲೆಸಿದ ಕನ್ನಡಿಗರಿಗೂ ಈ ಲೇನು, ಈ ಕಾರುಗಳು ನಿತ್ಯದ ಪರಿಚಯ.

ಅರ್ಹತೆಯ ಗುರುತಾಗಿ ರಾಜ್ಯದ ಮೋಟಾರು ವಾಹನ ಇಲಾಖೆ 8 ಡಾಲರ್ ಶುಲ್ಕಕ್ಕೆ ಹಳದಿ ಸ್ಟಿಕರುಗಳನ್ನು ಕೊಡುತ್ತಿತ್ತು. ಮೊದಲು 75,000 ಕಾರುಗಳಿಗೆ ಎಂದಿದ್ದ ಮಿತಿಯನ್ನು 85,000ಕ್ಕೆ ಏರಿಸಿದರು. 2007ರ ಫೆಬ್ರವರಿ ಹೊತ್ತಿಗೆ ಅಷ್ಟೂ ಮುಗಿದವು. ಸ್ಟಿಕರ್ ಸೇರುತ್ತಿದ್ದದ್ದು ಕಾರಿಗೆ, ಮಾಲೀಕನಿಗಲ್ಲ. ಹಾಗಾಗಿ ಹಳೆಯ ಕಾರು ಮಾರುವಾಗ ಸ್ಟಿಕರ್ ಇದ್ದ ಪ್ರಿಯಸ್‌ಗೆ ಹೆಚ್ಚು ಬೆಲೆ ಬರುತ್ತಿತ್ತು, ಸ್ಟಿಕರ್ ಕಳವೂ ಆಗುತ್ತಿತ್ತು. ಗಾಳಿಯನ್ನು ಶುದ್ಧವಾಗಿಡಲೆಂದು ಕೊಟ್ಟ ಗುರುತಿಗೆ ಪೇಟೆಯಲ್ಲಿ ದರ ಬಂತು ಎಂಬ ಸಂಗತಿ ಮುಂದಿನ ವಿಚಾರಕ್ಕೆ ಮುಖ್ಯ.

ಸ್ಟಿಕರನ್ನು ಎಲ್ಲಿ ಅಂಟಿಸಬೇಕು ಎಂಬುದು ಮಾಲೀಕನ ಇಷ್ಟಕ್ಕೆ ಬಿಟ್ಟದ್ದಾಗಿರಲಿಲ್ಲ. ಕಾರಿನ ಹಿಂಭಾಗದ ಎರಡೂ ಪಕ್ಕ ಮತ್ತು ಬಂಪರಿನ ಮೇಲೆ ಅದು ಇರಬೇಕಿತ್ತು, ನೇರವಾಗಿ ಕಾರಿನ ಮೈಗೇ ಅಂಟಿರಬೇಕಿತ್ತು. ಪಕ್ಕದ ಲೇನಿನಲ್ಲಿ ಮೋಟಾರ್ ಸೈಕಲ್ ಮೇಲೆ ಬರುವ ಹೆದ್ದಾರಿ ಪೊಲೀಸನಿಗೆ, ವೇಗದಲ್ಲಿ ಸಾಗುತ್ತಿರುವಾಗಲೇ, ಈ ಒಂಟಿ ಚಾಲಕನನ್ನು ನಿಲ್ಲಿಸಬೇಕೋ ಬಿಡಬೇಕೋ ತಿಳಿಯಬೇಕಾದ್ದರಿಂದ ಈ ಕಟ್ಟುಪಾಡು. ಮಾಲೀಕರ ಸಂಕಟವೂ ಸುಳ್ಳಲ್ಲ. ಹೊಸ ಕಾರಿನ ಹೊಳೆಯುವ ಬಣ್ಣದ ಮೇಲೆ ಢಾಳಾದ ಹಳದಿ ಚೀಟಿ. ಬಂಪರಿನ ಮೂಲೆ ದುಂಡಗಿರುವ ಕಡೆ ಅದು ನೆಟ್ಟಗೆ ಕೂರುವುದಿಲ್ಲ, ಒಳಗೆ ಗಾಳಿಗುಳ್ಳೆ ನಿಲ್ಲುತ್ತದೆ. ಸೋಪು ನೀರು ಚಿಮುಕಿಸಿ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಬಂದರೆ ಗುಳ್ಳೆ ಹೋಗುತ್ತದೆ. ಬಿಸಿಲಿಗೆ ವರ್ಷಗಟ್ಟಲೆ ಬೆಂದ ಮೇಲೆ ಕಿತ್ತರೆ ಕೆಳಗಿನ ಬಣ್ಣ ಸುತ್ತಲಿನದಕ್ಕಿಂತ ಗಾಢವಾಗಿ ಉಳಿಯುವುದುಂಟು. ಇದಕ್ಕೆ ಹೆದರಿ ಕೆಲವರು ಮೊದಲು ಪಾರದರ್ಶಕ ಹಾಳೆ ಹಚ್ಚಿ ಅದರ ಮೇಲೆ ಸ್ಟಿಕರ್ ಹಾಕಿದರು. ಬೇಕಾದಾಗ ಇಟ್ಟು ಬೇಡವಾದಾಗ ತೆಗೆಯಬಹುದೆಂದು ಅಯಸ್ಕಾಂತದ ಹಾಳೆಯ ಯೋಚನೆಯನ್ನೂ ಮಾಡಿದರು. ನಿಯಮ ಮೀರದಷ್ಟು ಕೆಳಗೆ, ಚಕ್ರದ ಕಡೆಗೆ ಸರಿಸಿ ಅಂಟಿಸುವುದು ಎಲ್ಲಕ್ಕಿಂತ ಸರಳವಾದ ಉಪಾಯ.

ಬರೀ ಅಂದಚೆಂದಕ್ಕಾಗಿ ಹೀಗೆ ಮಾಡುವವರ ಬಗ್ಗೆ ಚರ್ಚಿಸುವಂಥದ್ದು ಹೆಚ್ಚಿಲ್ಲ. ಆದರೆ ಇನ್ನೊಂದು ಕಾರಣವನ್ನು ಹೇಳುವವರಿದ್ದಾರೆ, ಅದು ನೀತಿಯದು. ತಾನು ಪರಿಸರಕ್ಕೆ ಒಳ್ಳೆಯದು ಮಾಡಿದ್ದೇನೆ ಎಂದು ಊರಿಗೆಲ್ಲ ಸಾರುವುದು ಸಂಕೋಚದ ಸಂಗತಿ, ಒಳ್ಳೆಯತನಕ್ಕೆ ಫಲಕ ಬೇಡ ಎಂಬುದು ಅವರ ಮಾತು. ಈ ಮಾತಿನ ಬೆನ್ನಿಗೆ ದೊಡ್ಡ ಪರಂಪರೆಗಳೇ ಇವೆ. ಧರ್ಮವನ್ನು ಬಾವುಟದಂತೆ ಹಾರಿಸುವವನನ್ನು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ಲೋಭಿಗಳ, ವಂಚಕರ ಸಾಲಿಗೆ ಸೇರಿಸುತ್ತದೆ; ಹೊರಗಿನ ಚಿಹ್ನೆ ಧರ್ಮಕ್ಕೆ ಕಾರಣವಲ್ಲ ಎಂದು ಆರನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯ ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ಮೊದಲಿಗೇ ಇಡುವುದು ಮಾನವನ್ನು ಬಯಸದಿರುವುದು ಮತ್ತು ಡಂಭವಿಲ್ಲದಿರುವುದು. ದಾನ ಮಾಡುವಾಗ ತುತ್ತೂರಿ ಊದಿಸಬೇಡಿ ಎಂದು ಏಸು ಗುಡ್ಡದ ಮೇಲಿನ ಬೋಧನೆಯಲ್ಲಿ ಎಚ್ಚರಿಸಿದ. ಕುರಾನಿನ ಎರಡನೆಯ ಅಧ್ಯಾಯ ಬಹಿರಂಗವಾಗಿ ಕೊಟ್ಟ ದಾನವೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಟ್ಟದ್ದು ಇನ್ನೂ ಒಳ್ಳೆಯದು ಎಂಬ ತಾರತಮ್ಯ ಮಾಡುತ್ತದೆ. ಹನ್ನೆರಡನೆಯ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ದಾನದ ಎಂಟು ಮೆಟ್ಟಿಲುಗಳನ್ನು ಹೇಳಿ, ಕೊಟ್ಟವನಿಗೆ ಪಡೆದವನು, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲದಿರುವ ದಾನವನ್ನು ತುದಿಯಿಂದ ಎರಡನೆಯ ಮೆಟ್ಟಿಲಿನಲ್ಲಿ ಇರಿಸಿದ.

ಇಷ್ಟೆಲ್ಲ ಸಾಕ್ಷಿ ಒಂದೇ ಕಡೆಗಿರುವಾಗ ಸ್ಟಿಕರ್ ಮರೆಮಾಡುವವನು ವಿನಯವಂತನೇ ಎಂದು ತೀರ್ಮಾನಿಸಲು ಮನಸ್ಸಾಗುತ್ತದೆ. ಆ ತೀರ್ಮಾನ ತಪ್ಪು. ಈ ಎಲ್ಲ ಬೋಧನೆಗಳೂ ಹೇಳುವುದು ಮಾಡಿದ ಒಳ್ಳೆಯದನ್ನು, ಕೊಟ್ಟ ದಾನವನ್ನು ಮರೆಯಲ್ಲಿಡು ಎಂದು. ಪಡೆದ ಸವಲತ್ತನ್ನು ಮರೆಯಲ್ಲಿಡು ಎಂದು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ. ಸ್ಟಿಕರ್ ಯಾವುದರ ಗುರುತು ಎಂಬುದೇ ಇಲ್ಲಿ ನಿರ್ಣಾಯಕ. ಅದರ ಮೇಲೆ ಶುದ್ಧ ಗಾಳಿಯ ವಾಹನ ಎಂದು ಅಚ್ಚಾಗಿದೆ ನಿಜ, ಆದರೆ ಅದು ಪ್ರಶಸ್ತಿಪತ್ರವಲ್ಲ. ಉಳಿದವರಿಗೆ ಇಲ್ಲದ ದಾರಿಯಲ್ಲಿ ಹೋಗಲು ಸಿಕ್ಕ ಪರವಾನಗಿ. ಹೈಬ್ರಿಡ್ ಕಾರು ಕೊಂಡು ಈ ಸ್ಟಿಕರಿಗೆ ಅರ್ಜಿಯನ್ನೇ ಹಾಕದೆ ಎಲ್ಲರ ಜೊತೆ ಸಾಮಾನ್ಯ ಲೇನಿನಲ್ಲಿ ಹೋಗುವ ಆಯ್ಕೆ ಪ್ರತಿಯೊಬ್ಬನಿಗೂ ಇತ್ತು. ಹಾಗೆ ಹೋದವನ ಪರಿಸರಪ್ರೀತಿ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಮಾಡಿದ ಒಳ್ಳೆಯದನ್ನು ಯಾರಿಗೂ ತಿಳಿಸದಿರುವುದೇ ಗುರಿಯಾಗಿದ್ದರೆ ಅದೇ ನೇರವಾದ ದಾರಿ.

ಕಾರಿನ ಆಕಾರವೂ ಈ ವಿಚಾರದಲ್ಲಿ ಸಾಕ್ಷಿ ನುಡಿಯುತ್ತದೆ. ಸಿವಿಕ್ ಹೈಬ್ರಿಡ್ ಸಾಮಾನ್ಯ ಸಿವಿಕ್‌ನಂತೆಯೇ ಕಾಣುತ್ತಿತ್ತು. ಪ್ರಿಯಸ್ ಮಾತ್ರ ನೂರು ಕಾರುಗಳ ನಡುವೆಯೂ ಹೈಬ್ರಿಡ್ ಎಂದು ಗೊತ್ತಾಗುತ್ತಿತ್ತು. ಸ್ಟೀವನ್ ಸೆಕ್ಸ್‌ಟನ್ ಮತ್ತು ಆಲಿಸನ್ ಸೆಕ್ಸ್‌ಟನ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಪರಿಸರದ ಕಾಳಜಿಗೆ ಮನ್ನಣೆ ಇರುವ ಊರುಗಳಲ್ಲಿ ಈ ಎದ್ದು ಕಾಣುವ ಗುಣಕ್ಕೇ ಜನ ಹೆಚ್ಚು ಹಣ ತೆರುತ್ತಾರೆ ಎಂದು ತೋರಿಸಿತು. ಅಂದ ಮೇಲೆ ಪ್ರಿಯಸ್ ಮಾಲೀಕ ಸ್ಟಿಕರನ್ನು ಚಕ್ರದ ಪಕ್ಕಕ್ಕೆ ಸರಿಸಿದಾಗ ಮರೆಯಾಗುವುದು ಏನು? ಒಳ್ಳೆಯತನದ ಪ್ರದರ್ಶನ ಕಾರಿನ ಇಡೀ ಮೈಯಲ್ಲಿ ಹಾಗೇ ಉಳಿಯುತ್ತದೆ, ಮರೆಯಾಗುವುದು ಸವಲತ್ತೊಂದೇ. ವಿನಯ ಮಾಡಬೇಕಾದ್ದು ಇದರ ತಿರುಗುಮುರುಗು.

ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗ್ಲಾಕನ್ ಎಂಬ ಯುವಕ ಸಾಕ್ರಟೀಸನ ಮುಂದೆ ಒಂದು ಕಠಿಣ ಪರೀಕ್ಷೆ ಇಡುತ್ತಾನೆ. ನ್ಯಾಯವಂತನಾಗಿರುವುದಕ್ಕೂ ನ್ಯಾಯವಂತನೆಂದು ಕಾಣಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ, ನ್ಯಾಯವಂತನಿಂದ ಅವನ ಒಳ್ಳೆಯ ಹೆಸರನ್ನೂ ಅದರಿಂದ ಬರುವ ಲಾಭವನ್ನೂ ಕಸಿದುಕೊಂಡು ನೋಡಬೇಕು ಎನ್ನುತ್ತಾನೆ. ತೊಟ್ಟವನನ್ನು ಅದೃಶ್ಯನನ್ನಾಗಿಸುವ ಗೈಜೀಸನ ಉಂಗುರದ ಕಥೆಯನ್ನು ಅವನು ಹೇಳುವುದೂ ಅಲ್ಲಿಯೇ. ಸ್ಟಿಕರ್ ಮರೆಮಾಡುವವನು ಬಯಸುವುದು ಆ ಉಂಗುರದ ಒಂದು ಸಣ್ಣ ತುಣುಕನ್ನು: ಪೊಲೀಸನ ಕಣ್ಣಿಗೆ ಕಾಣಬೇಕು, ಪಕ್ಕದ ಲೇನಿನಲ್ಲಿ ತೆವಳುತ್ತಿರುವವನ ಕಣ್ಣಿಗೆ ಕಾಣಬಾರದು. ಜರ್ಮನ್ ತತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1785ರಲ್ಲಿ ಕೊಟ್ಟ ಅಂಗಡಿಯವನ ಉದಾಹರಣೆಯೂ ಇಲ್ಲಿ ಹೊಂದುತ್ತದೆ. ಗಿರಾಕಿಗಳು ಉಳಿಯಲೆಂದು ಸರಿಯಾದ ದರ ಹಾಕುವ ಅಂಗಡಿಯವನು ತಪ್ಪು ಮಾಡಿದ್ದಾನೆ ಎನ್ನುವಂತಿಲ್ಲ, ಆದರೆ ಅವನ ಆ ಪ್ರಾಮಾಣಿಕತೆಗೆ ನೈತಿಕ ಬೆಲೆ ಇಲ್ಲ ಎಂಬುದು ಕಾಂಟ್‌ನ ವಾದ. ಲೇನಿನ ಆಸೆಗೆ ಹೈಬ್ರಿಡ್ ಕೊಂಡವನದೂ ಇದೇ ಸ್ಥಿತಿ. ಅವನ ಕಾರಿನಿಂದ ಗಾಳಿಗೆ ಒಳ್ಳೆಯದೇ ಆಯಿತು. ಆದರೆ ಪ್ರತಿಫಲ ಪಡೆದಾದ ಮೇಲೆ ಅದನ್ನು ಗುಪ್ತದಾನದ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದು ಯಹೂದಿ ಪರಂಪರೆಯಲ್ಲೇ ಇದೆ. ಜೆರುಸಲೇಮಿನ ದೇವಾಲಯದಲ್ಲಿ ಗುಟ್ಟಿನ ಕೋಣೆಯೊಂದು ಇತ್ತೆಂದು ಯಹೂದಿ ನಿಯಮಗ್ರಂಥವಾದ ಮಿಶ್ನಾ ಹೇಳುತ್ತದೆ. ಪಾಪಭೀರುಗಳು ಅದರೊಳಗೆ ಗುಟ್ಟಾಗಿ ಕಾಣಿಕೆ ಇಡುತ್ತಿದ್ದರು, ಒಳ್ಳೆಯ ಮನೆತನದ ಬಡವರು ಅಲ್ಲಿಂದಲೇ ಗುಟ್ಟಾಗಿ ಪಡೆಯುತ್ತಿದ್ದರು. ಅಂದರೆ ಪಡೆಯುವುದನ್ನೂ ಮುಚ್ಚಿಡಬಹುದು ಎಂದಾಯಿತಲ್ಲ? ಆಗುತ್ತದೆ, ಮತ್ತು ಅಲ್ಲಿ ಅದು ಸರಿಯೂ ಹೌದು. ಆದರೆ ಆ ಕೋಣೆ ಕಾಯುತ್ತಿದ್ದದ್ದು ಕೈಚಾಚಬೇಕಾಗಿ ಬಂದವನ ಮಾನವನ್ನು. ಇಲ್ಲಿ ಪಡೆಯುವವನು ಹೊಸ ಕಾರು ಕೊಳ್ಳಬಲ್ಲವನು, ಅವನ ಮಾನಕ್ಕೆ ಕುಂದೇನೂ ಇಲ್ಲ. ಅಲ್ಲಿ ಕೊಡುವವನು ಮನಸ್ಸಾರೆ ತನ್ನದನ್ನು ಕೊಟ್ಟ. ಇಲ್ಲಿ ಹಂಚಿಕೆಯಾದದ್ದು ಎಲ್ಲರ ತೆರಿಗೆಯಲ್ಲಿ ಕಟ್ಟಿದ ರಸ್ತೆ. ಕ್ಯಾಲಿಫೋರ್ನಿಯದ ಶಾಸನಸಭೆಗೂ ಈ ಅರಿವು ಬಂತೆಂದು ಕಾಣುತ್ತದೆ: ಮುಂದೆ 2018ರಿಂದ ಹೆಚ್ಚು ಆದಾಯದವರು ಸರ್ಕಾರದ ಸಹಾಯಧನ, ಲೇನಿನ ಸ್ಟಿಕರ್ ಎರಡನ್ನೂ ಪಡೆಯುವಂತಿಲ್ಲ, ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕು ಎಂಬ ನಿಯಮ ಬಂತು.

ಕಾರ್‌ಪೂಲ್ ಮಾಡುವವನ ಕಡೆಯಿಂದ ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಅವನು ಬೆಳಿಗ್ಗೆ ಬೇಗ ಎದ್ದು ಸಹೋದ್ಯೋಗಿಯ ಮನೆ ಮುಂದೆ ಕಾಯುತ್ತಾನೆ, ಸಂಜೆ ತನ್ನ ಕೆಲಸ ಮುಗಿದರೂ ಸಹೋದ್ಯೋಗಿಯದು ಮುಗಿಯುವ ತನಕ ಕೂರುತ್ತಾನೆ. ಲೇನು ಅವನಿಗೆ ಸಿಗುವುದು ಈ ದಿನನಿತ್ಯದ ಹೊಂದಾಣಿಕೆಗೆ, ಮತ್ತು ಪಕ್ಕದ ಸೀಟಿನಲ್ಲಿ ಕುಳಿತ ಮನುಷ್ಯನೇ ಅವನ ಗುರುತು. ಅದನ್ನು ಬಂಪರಿನ ಮೂಲೆಗೆ ಸರಿಸಲು ಬರುವುದಿಲ್ಲ. ಒಂಟಿ ಚಾಲಕನಿಗೆ ಅದೇ ಲೇನು ಒಮ್ಮೆ ಮಾಡಿದ ಖರೀದಿಗೆ ಸಿಕ್ಕಿತ್ತು. ತನ್ನ ಹಾಗೆಯೇ ಜೊತೆಗಾರರಿಲ್ಲದ ಈ ಕಾರು ಯಾಕೆ ಮುಂದೆ ಹೋಯಿತು ಎಂದು ಸಾಮಾನ್ಯ ಲೇನಿನಲ್ಲಿ ಹಿಂದೆ ಉಳಿದವನು ಕೇಳಿಕೊಂಡರೆ ಉತ್ತರ ಕಣ್ಣೆದುರಿಗೇ ಇರಬೇಕು. ಇಲ್ಲವಾದರೆ ನಿಯಮ ಪಾಲಿಸಿದವನೂ ನಿಯಮ ಮುರಿದವನೂ ಅವನಿಗೆ ಒಂದೇ ಥರ ಕಾಣುತ್ತಾರೆ, ಉಳಿದವರೂ ನಿಯಮ ಮುರಿಯಲು ಅದೇ ನೆಪವಾಗುತ್ತದೆ. ಕನ್ನಡ ನಾಡಿನ ದಾನಶಾಸನಗಳು ಕೊಟ್ಟವರ ಹೆಸರಿನ ಜೊತೆ ಭೂಮಿಯ ಎಲ್ಲೆಕಟ್ಟು, ಪಡೆದವರು, ಸಾಕ್ಷಿಗಳು, ಅಳಿದವರಿಗೆ ತಟ್ಟುವ ಶಾಪ ಇಷ್ಟನ್ನೂ ಕಲ್ಲಿನಲ್ಲಿ ಕೊರೆದು ಊರ ನಡುವೆ ನಿಲ್ಲಿಸಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇದೆ. ವಿನಾಯಿತಿ ಪಡೆದ ಭೂಮಿ ಯಾವುದು, ಯಾರಿಗೆ, ಎಲ್ಲಿಯವರೆಗೆ ಎಂಬುದು ತೆರಿಗೆ ಕಟ್ಟುವ ಊರಿಗೆಲ್ಲ ಗೊತ್ತಿರಬೇಕಿತ್ತು.

ಹೈಬ್ರಿಡ್ ಕಾರುಗಳಿಂದ ಕಾರ್‌ಪೂಲ್ ಲೇನು ನಿಧಾನವಾಯಿತೇ ಎಂಬುದು ಬೇರೆ ಪ್ರಶ್ನೆ. 2011ರ ಜುಲೈ 1ರಂದು ಹಳದಿ ಸ್ಟಿಕರುಗಳ ಅವಧಿ ಮುಗಿದು ಆ ಕಾರುಗಳು ಲೇನಿನಿಂದ ಹೊರಬಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ರಸ್ತೆಯನ್ನು ಅಧ್ಯಯನ ಮಾಡಿದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು, ಇದರಿಂದ ಸಾಮಾನ್ಯ ಲೇನುಗಳ ಜೊತೆಗೆ ಕಾರ್‌ಪೂಲ್ ಲೇನಿನ ವೇಗವೂ ಕುಗ್ಗಿತು ಎಂದು ಕಂಡರು. ಪಕ್ಕದ ಲೇನು ತುಂಬಿ ತೆವಳುತ್ತಿದ್ದರೆ ಖಾಲಿ ಲೇನಿನಲ್ಲಿ ಹೋಗುವವನೂ ಅಂಜಿ ನಿಧಾನಿಸುತ್ತಾನೆ. ಹೈಬ್ರಿಡ್ ಮಾಲೀಕನಿಂದ ಯಾರಿಗೂ ನಷ್ಟವಾಗಿರಲಿಲ್ಲ ಎಂದು ಇದರಿಂದ ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ಸ್ಟಿಕರ್ ತೋರಿಸುವ ಹೊಣೆ ನಷ್ಟದಿಂದ ಹುಟ್ಟಿದ್ದಲ್ಲ. ಎಲ್ಲರಿಗೂ ಇರುವ ನಿಯಮದಿಂದ ಒಬ್ಬನಿಗೆ ಬಿಡುಗಡೆ ಸಿಕ್ಕಿತು ಎಂಬಲ್ಲೇ ಅದು ಹುಟ್ಟುತ್ತದೆ, ಬಿಡುಗಡೆಯಿಂದ ಲಾಭವಾಗಲಿ ನಷ್ಟವಾಗಲಿ.

ಹಾಗೆಂದು ಸ್ಟಿಕರನ್ನು ಎದ್ದು ಕಾಣುವ ಜಾಗದಲ್ಲೇ ಹಾಕಿ ಮೆರೆಸಬೇಕಿರಲಿಲ್ಲ. ನಿಯಮ ಹೇಳಿದ ಜಾಗದಲ್ಲಿ, ಕಾರಿನ ಗೆರೆಗಳಿಗೆ ಹೊಂದುವಂತೆ, ನೇರವಾಗಿ, ಗುಳ್ಳೆಯಿಲ್ಲದಂತೆ ಅಂಟಿಸಿದ್ದರೆ ಸಾಕಿತ್ತು. ಅಂದಕ್ಕೂ ಹೊಣೆಗೂ ಅಲ್ಲಿ ಜಗಳವಿರಲಿಲ್ಲ. ಒಂದೇ ಜಾಗದಲ್ಲಿ ಅಂಟಿಸಿದ ಇಬ್ಬರ ಉದ್ದೇಶ ಬೇರೆಯಾಗಿರಬಹುದು. ಕಾರು ಚೆನ್ನಾಗಿ ಕಾಣಲೆಂದು ಕೆಳಗೆ ಅಂಟಿಸಿದವನು ಯಾರಾದರೂ ಕೇಳಿದರೆ ಹಿಂಜರಿಯದೆ ಹೇಳುತ್ತಾನೆ. ಯಾರೂ ಕೇಳದಿರಲಿ ಎಂದು ಅಂಟಿಸಿದವನಿಗೆ ಆ ಪ್ರಶ್ನೆಯೇ ಕಸಿವಿಸಿ. ಕಾನೂನು ಇವರಿಬ್ಬರನ್ನು ಬೇರ್ಪಡಿಸಲಾರದು, ಬೇರ್ಪಡಿಸಬೇಕಾಗಿಯೂ ಇಲ್ಲ. ಆ ಕೆಲಸ ಅವರವರ ಆತ್ಮಸಾಕ್ಷಿಯದು.

ಅವಧಿ ಮುಗಿದ ಸ್ಟಿಕರಿನ ಪ್ರಶ್ನೆ ಉಳಿಯುತ್ತದೆ. ಹಳದಿಯ ನಂತರ ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ಹಸಿರು, ಆಮೇಲೆ ಕೆಂಪು, ನೇರಳೆ ಮೊದಲಾದ ಬಣ್ಣಗಳು ಬಂದವು. ಒಕ್ಕೂಟ ಸರ್ಕಾರದ ಅನುಮತಿ ಕೊನೆಗೊಂಡು 2025ರ ಸೆಪ್ಟೆಂಬರ್ 30ಕ್ಕೆ ಇಡೀ ಯೋಜನೆಯೇ ಮುಗಿಯಿತು. ಸವಲತ್ತು ಹೋದ ಮೇಲೆ ಸ್ಟಿಕರ್ ಯಾರಿಗೂ ಯಾವ ಲೆಕ್ಕವನ್ನೂ ಒಪ್ಪಿಸುವುದಿಲ್ಲ. ಮಾಲೀಕ ಒಂದು ಕಾಲಕ್ಕೆ ಎಂಥ ಕಾರು ಕೊಂಡ ಎಂಬುದನ್ನಷ್ಟೇ ಅದು ಹೇಳುತ್ತಿರುತ್ತದೆ. ಡಂಭದ ಬಗ್ಗೆ ಧರ್ಮಗ್ರಂಥಗಳು ಕೊಟ್ಟ ಎಚ್ಚರಿಕೆ ಈ ಸ್ಟಿಕರಿಗೆ ನಿಜವಾಗಿ ಅನ್ವಯಿಸುವುದು ಈಗ. ಹಿಂದೆ ಅದನ್ನು ವಿನಯದ ಹೆಸರಿನಲ್ಲಿ ಮರೆಮಾಡಲು ಹೊರಟವನು ಈಗ ಹೇರ್ ಡ್ರೈಯರಿನಿಂದ ಬಿಸಿ ತಾಕಿಸಿ ಮೂಲೆಯಿಂದ ಎಬ್ಬಿಸಿ ತೆಗೆದುಹಾಕಿದರೆ ಅದಕ್ಕೆ ಯಾರ ಆಕ್ಷೇಪವೂ ಇರಲಾರದು.